ಅಜ್ಜನ ಕೋವಿ, ಅಟ್ಟದ ಮದ್ದು

ಪುಣೆಯ ಹೋಟೆಲುಗಳಲ್ಲಿಯೂ ಕಛೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮವರಲ್ಲಿ ಮಲೆನಾಡು, ತುಳುನಾಡು, ಕೊಡಗು ಈ ಸೀಮೆಗಳ ಬೇಸಾಯದ ಮನೆತನಗಳಿಂದ ಬಂದವರು ಅನೇಕರಿದ್ದಾರೆ. ಅಂಥ ಮನೆಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ, ಉತ್ತರಕ್ರಿಯೆಯ ಊಟ ಮುಗಿದ ಮೇಲೆ ಪಾಲಿನ ಮಾತು ಮೆಲ್ಲಗೆ ತಲೆಯೆತ್ತುತ್ತದೆ. ಗದ್ದೆ, ತೋಟ, ತಾಮ್ರದ ಹಂಡೆ, ಬೀಟೆಯ ಮಂಚ ಇವುಗಳ ವಿಷಯದಲ್ಲಿ ಜಗಳವಾದರೂ ಆಗುತ್ತದೆ. ಆದರೆ ಗೋಡೆಗೆ ತೂಗುಹಾಕಿದ ಕೋವಿ ಮತ್ತು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇವೆರಡರ ವಿಷಯವನ್ನು ಯಾರೂ ಎತ್ತುವುದಿಲ್ಲ. ರಜೆ ಮುಗಿಯುತ್ತದೆ, ಮಗ ಪುಣೆಯ ಬಸ್ಸು ಹತ್ತುತ್ತಾನೆ, ಕೋವಿ ಗೋಡೆಯಲ್ಲಿಯೂ ಪೆಟ್ಟಿಗೆ ಅಟ್ಟದಲ್ಲಿಯೂ ಉಳಿಯುತ್ತವೆ.

ಈಚೆಗೆ ಅಂಥ ಒಂದು ಮನೆಯ ತರುಣನೊಬ್ಬ ನಮ್ಮ ಕಾರ್ಯಾಲಯಕ್ಕೆ ಬಂದಿದ್ದ. ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವನು. ಅಜ್ಜನ ಪೆಟ್ಟಿಗೆಯನ್ನು ಬಿಚ್ಚಿ ಅದರ ಚಿತ್ರವನ್ನು ಮೊಬೈಲು ಫೋನಿನಲ್ಲಿ ಹಿಡಿದು ತಂದಿದ್ದ. ಹಸುರುಗಟ್ಟಿದ ಹಿತ್ತಾಳೆಯ ತೋಟೆಗಳು ಕೆಲವು, ಉಬ್ಬಿದ ಕಾಗದದ ತೋಟೆಗಳು ಕೆಲವು, ಸೀಸದ ಚರೆ ತುಂಬಿದ ಬಟ್ಟೆಯ ಚೀಲ, ಗುರುತುಚೀಟಿ ಉದುರಿಹೋದ ಒಂದು ಮದ್ದಿನ ಡಬ್ಬಿ, ಕೇಪುಗಳ ಪುಟ್ಟ ಭರಣಿ, ಮೇಜಿನಂಚಿಗೆ ಸಿಕ್ಕಿಸಿ ತಿರುಗಿಸುವ ಹಿಡಿಕೆಯುಳ್ಳ ಒಂದು ಕೈಯಂತ್ರ. "ಯಜಮಾನರೆ, ಸಾಮಾನೆಲ್ಲ ಕೈಯಲ್ಲೇ ಇದೆ. ತೋಟಕ್ಕೆ ಹಂದಿಯ ಕಾಟ ವಿಪರೀತ. ಅಜ್ಜ ತಾವೇ ತೋಟೆ ತುಂಬಿಕೊಳ್ಳುತ್ತಿದ್ದರಂತೆ. ನಾನೂ ಕಲಿತರೆ ಆಗದೆ?" ಎಂದು ಕೇಳಿದ.

ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಹಿರಿಯರ ಸಾಮಾನನ್ನು ಹಾಳುಮಾಡದೆ ಉಪಯೋಗಿಸಬೇಕೆಂಬ ಬುದ್ಧಿ ಮೆಚ್ಚತಕ್ಕದ್ದೇ. ಆದರೂ ಈ ಪೆಟ್ಟಿಗೆಯ ವಿಷಯದಲ್ಲಿ ಆ ಬುದ್ಧಿಯನ್ನು ಬದಿಗಿಡಬೇಕು. ಕೋವಿಗೆ ವಾರಸುದಾರನಾಗಬಹುದು, ಅದಕ್ಕೆ ದಾರಿಯಿದೆ. ಅಜ್ಜನ ಮದ್ದಿಗೆ ಮಾತ್ರ ಮೊಮ್ಮಗ ವಾರಸುದಾರನಾಗಲಾರ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ಆ ಕಾಲದವರು ಈಡು ಹೇಗೆ ಕಟ್ಟುತ್ತಿದ್ದರೆಂಬುದರಿಂದ ಆರಂಭಿಸುವುದು ಲೇಸು.

ನಮ್ಮ ಕಡೆಯ ಮನೆಗಳಲ್ಲಿರುವ ಕೋವಿಗಳು ಮುಖ್ಯವಾಗಿ ಎರಡು ಜಾತಿಯವು. ಒಂದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ನಳಿಗೆಯ ಬಾಯಿಗೆ ಕರಿಮದ್ದನ್ನು ಅಳತೆಯಿಂದ ಸುರಿದು, ತೆಂಗಿನ ನಾರಿನ ಉಂಡೆಯನ್ನಿಟ್ಟು ಗಜದಿಂದ ಜಡಿದು, ಅದರ ಮೇಲೆ ಚರೆ ಹಾಕಿ, ಮತ್ತೆ ನಾರು ಜಡಿದು, ಹಿಂಬದಿಯ ತೊಟ್ಟಿಗೆ ತಾಮ್ರದ ಕೇಪು ತೊಡಿಸಿದರೆ ಈಡು ಸಿದ್ಧ. ಈ ಕೇಪಿನ ಮೂಲವನ್ನು ಹುಡುಕಿದರೆ ಸ್ಕಾಟ್ಲೆಂಡಿನ ಪಾದ್ರಿಯೊಬ್ಬನ ಮನೆಗೆ ಹೋಗಬೇಕಾಗುತ್ತದೆ. ಅಲೆಗ್ಸಾಂಡರ್ ಫೋರ್ಸೈತ್ ಎಂಬ ಆತನಿಗೆ ಹಕ್ಕಿಯ ಬೇಟೆಯ ಹುಚ್ಚು. ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಬೆಂಕಿ ಮಿನುಗಿ ಆಮೇಲೆ ಗುಂಡು ಹೊರಡುತ್ತಿದ್ದುದರಿಂದ ಹಕ್ಕಿಗಳು ಎಚ್ಚತ್ತು ಹಾರಿಹೋಗುತ್ತಿದ್ದವು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ಉಪಾಯವನ್ನು ಆತ ಕಂಡುಹಿಡಿದು ೧೮೦೭ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಆ ಉಪಾಯದಿಂದ ಬೆಳೆದು ಬಂದುದೇ ಕೇಪು.

ಎರಡನೆಯದು ತೋಟೆ ಕೋವಿ, ಒಂಟಿ ನಳಿಗೆಯದಾಗಲಿ ಜೋಡು ನಳಿಗೆಯದಾಗಲಿ. ನಡುವೆ ಮಡಿಸಿ ಹಿಂದಿನಿಂದ ತೋಟೆ ಹಾಕುವುದು. ಕೇಪು, ಮದ್ದು, ಬಿಲ್ಲೆ, ಚರೆ ನಾಲ್ಕೂ ಒಂದೇ ಕೋಶದೊಳಗೆ ಅಡಕ. ತೋಟೆ ಹೊಡೆದ ಮೇಲೆ ಕೋಶ ಖಾಲಿಯಾಗಿ ಉಳಿಯುತ್ತದೆ. ಅದನ್ನು ಎಸೆಯಲು ಆ ಕಾಲದವರಿಗೆ ಮನಸ್ಸು ಬರುತ್ತಿರಲಿಲ್ಲ. ಸುಟ್ಟ ಕೇಪನ್ನು ಒತ್ತಿ ಹೊರದೂಡುವುದು, ಹೊಸದನ್ನು ಕೂಡಿಸುವುದು, ಮದ್ದು ಹಾಕಿ ಬಿಲ್ಲೆಯೊತ್ತುವುದು, ಚರೆ ಹಾಕಿ ಮೇಲೊಂದು ಬಿಲ್ಲೆಯಿಡುವುದು, ಕಾಗದದ ಕೋಶವಾದರೆ ಬಾಯಿಯನ್ನು ಕೈಯಂತ್ರದಲ್ಲಿಟ್ಟು ತಿರುಗಿಸಿ ಒಳಕ್ಕೆ ಮಡಚುವುದು, ಇಷ್ಟು ಕೆಲಸ. ಇಂಗ್ಲೆಂಡಿನ ಕಂಪೆನಿಗಳು ಈ ಸಲಕರಣೆಗಳನ್ನು ತಯಾರಿಸಿ ಮಾರುತ್ತಿದ್ದವು. ಈಲಿ, ಕೈನೋಕ್ ಮುಂತಾದ ಹೆಸರುಗಳು ಹಳೆಯ ತೋಟೆಗಳ ಬುಡದಲ್ಲಿ ಇಂದಿಗೂ ಓದಲು ಸಿಗುತ್ತವೆ. ಕಾಫಿತೋಟದ ದೊರೆಗಳ ಬಂಗಲೆಗಳಿಂದ ಇಂಥ ಸಾಮಾನು ಊರಿನ ಮನೆಗಳಿಗೆ ಇಳಿದುಬಂದುದುಂಟು. ನಮ್ಮ ತರುಣನ ಅಜ್ಜನ ಕೈಯಂತ್ರವೂ ಆ ಜಾತಿಯದೇ.

ಅಮೆರಿಕದಲ್ಲಿ ಈ ಕೆಲಸ ಇಂದಿಗೂ ಒಂದು ದೊಡ್ಡ ಹವ್ಯಾಸವಾಗಿದೆ. ಮದ್ದಿನ ಕಂಪೆನಿಗಳೇ ತೂಕದ ಕೋಷ್ಟಕಗಳನ್ನು ಅಚ್ಚುಹಾಕಿ ಕೊಡುತ್ತವೆ. ಯಾವ ಮದ್ದು, ಯಾವ ಕೇಪು, ಯಾವ ಬಿಲ್ಲೆ, ಎಷ್ಟು ಚರೆ ಎಂಬುದರಲ್ಲಿ ಒಂದನ್ನು ಬದಲಿಸಿದರೂ ಹೊಸ ಕೋಷ್ಟಕ ನೋಡಬೇಕು. ಅಲ್ಲಿನ ಅನುಭವಿಗಳೂ ಹೊಸಬರಿಗೆ ಮೊದಲು ಹೇಳುವ ಮಾತೆಂದರೆ, ಗುರುತುಚೀಟಿಯಿಲ್ಲದ ಡಬ್ಬಿಯ ಮದ್ದನ್ನು ಉಪಯೋಗಿಸಬಾರದೆಂಬುದು. ಸಕಲ ಸೌಕರ್ಯವೂ ಕಾನೂನಿನ ಅನುಮತಿಯೂ ಇರುವ ಕಡೆಯಲ್ಲಿಯೇ ಈ ಕಟ್ಟುನಿಟ್ಟು ಇದೆಯೆಂಬುದನ್ನು ನೆನಪಿಡಬೇಕು.

ಖಡಕಿಯಿಂದ ಹೊರಟ ತೋಟೆ

ಹಳೆಯ ಪೆಟ್ಟಿಗೆಗಳಲ್ಲಿ ವಿಲಾಯತಿಯ ತೋಟೆಗಳ ಜೊತೆಗೆ ಸ್ವದೇಶಿಯೂ ಇರುತ್ತವೆ. ನಮ್ಮ ತರುಣನ ಚಿತ್ರದಲ್ಲಿಯೂ ಒಂದಿತ್ತು. ಅದರ ಹೆಸರು 'ಶಕ್ತಿಮಾನ್'. ೧೨ ಬೋರಿನ ಈ ತೋಟೆ ತಯಾರಾದುದು ಎಲ್ಲಿಯೆಂದು ಕೇಳಿದಾಗ ಅವನಿಗೆ ತಿಳಿದಿರಲಿಲ್ಲ. ಶಿವಾಜಿನಗರದಿಂದ ಲೋನಾವಳೆಯ ಲೋಕಲ್ ಹತ್ತಿದರೆ ಮೊದಲು ಸಿಗುವ ನಿಲ್ದಾಣ ಖಡಕಿ. ಅಲ್ಲಿನ ಮದ್ದುಗುಂಡಿನ ಕಾರ್ಖಾನೆ ೧೮೬೯ರಲ್ಲಿ ಸ್ಥಾಪಿತವಾದುದು. ತೋಟೆಯ ಬುಡದಲ್ಲಿ 'ಕೆ.ಎಫ್.' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು 'ಕಿರ್ಕಿ ಫ್ಯಾಕ್ಟರಿ'ಯ ಗುರುತು. ೨೦೨೧ರ ಅಕ್ಟೋಬರದಲ್ಲಿ ಸರಕಾರ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿದ ಮೇಲೆ ಇದು ಮ್ಯೂನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪೆನಿಗೆ ಸೇರಿದೆ. ಆ ಕಂಪೆನಿಯ ಮುಖ್ಯ ಕಛೇರಿಯೂ ಪುಣೆಯಲ್ಲಿಯೇ ಇದೆ. ನಾವು ದಿನನಿತ್ಯ ಓಡಾಡುವ ಊರಿನಿಂದಲೇ ಹೊರಟ ತೋಟೆಯೊಂದು ಘಟ್ಟದ ಮೇಲಿನ ಅಟ್ಟ ಸೇರಿದೆಯೆಂದರೆ ಸೋಜಿಗವೆನಿಸುತ್ತದೆ.

ಆದರೆ ಖಡಕಿಯಂಥ ಕಾರ್ಖಾನೆಯಲ್ಲಿ ಮದ್ದನ್ನು ಕಾಣುವ ರೀತಿಗೂ ಅಟ್ಟದಲ್ಲಿ ಕಾಣುವ ರೀತಿಗೂ ಅಜಗಜಾಂತರ. ಮದ್ದಿನ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಬೆಂಕಿಕಡ್ಡಿ, ಬೀಡಿ ಬಾಗಿಲಲ್ಲಿಯೇ ಉಳಿಯುತ್ತವೆ. ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತಿನ ಕಿಡಿಗೂ ಹೆದರಿ ಪಾದರಕ್ಷೆಯನ್ನು ಬದಲಿಸಲಾಗುತ್ತದೆ. ಒಂದು ಕೊಠಡಿಗೆ ಆಪತ್ತು ಬಂದರೆ ಮತ್ತೊಂದಕ್ಕೆ ತಟ್ಟದಂತೆ ನಡುವೆ ಅಂತರ, ಮಣ್ಣಿನ ದಿಬ್ಬ. ನಮ್ಮ ಮನೆಗಳಲ್ಲಾದರೆ ಮಳೆಗಾಲದ ಥಂಡಿ ತಾಗದಿರಲೆಂದು ಮದ್ದಿನ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಮಗ್ಗುಲಲ್ಲಿ ಇಟ್ಟಿರುತ್ತಾರೆ!

ಮದ್ದು ಹಳತಾದರೆ ಏನಾಗುತ್ತದೆ?

ಪೆಟ್ಲುಪ್ಪು, ಗಂಧಕ, ಇದ್ದಲು ಸೇರಿದ ಕರಿಮದ್ದಿಗೆ ಮುಪ್ಪೆಂಬುದೇ ಇಲ್ಲವೆನ್ನಬಹುದು. ಒಣಗಿದ್ದರೆ ನೂರು ವರ್ಷದ ಮೇಲೂ ಅದು ಹೊತ್ತಿಕೊಳ್ಳುತ್ತದೆ. ಶಿವಮೊಗ್ಗೆ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮವೆಂದರೆ ಹಿಂದಿನ ಬಿದನೂರು. ಅಲ್ಲಿ ೨೦೦೨ರಲ್ಲಿ ನೂರ ಅರವತ್ತರಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂಬುದು ಕೆಲವು ವರ್ಷಗಳ ಮೇಲಷ್ಟೇ ತಿಳಿಯಿತು. ಆಮೇಲೆ ೨೦೧೮ರ ಜುಲೈಯಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಮಿಕ್ಕಿ ಅಂಥವೇ ದೊರೆತವು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿದ್ದುದರಿಂದ ಅಗೆಯುವವರಿಗೆ ಸುಳಿವು ಸಿಕ್ಕಿತು. ಟಿಪ್ಪು ಮಡಿದುದು ೧೭೯೯ರಲ್ಲಿ. ಇನ್ನೂರಕ್ಕೂ ಮಿಕ್ಕಿದ ಮಳೆಗಾಲ ಕಳೆದರೂ ವಾಸನೆ ಉಳಿದಿತ್ತು. ಅಜ್ಜನ ಕಾಲದ ಮದ್ದು ಸತ್ತುಹೋಗಿರುತ್ತದೆಂದು ನಂಬಿ ಅಂಗಳದ ಬೆಂಕಿಗೆ ಸುರಿಯ ಹೊರಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತೋಟೆಗಳ ಒಳಗಿನ ಮದ್ದಿನ ಸ್ವಭಾವ ಬೇರೆ. ೧೮೮೪ರಲ್ಲಿ ಪಾಲ್ ವಿಯೆಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ಸಾಧಿಸಿದ. ಐದು ವರ್ಷಗಳ ತರುವಾಯ ಬ್ರಿಟಿಷರು ತಮ್ಮದೇ ಆದ ಕಾರ್ಡೈಟನ್ನು ಮಾಡಿಕೊಂಡರು. ಅದನ್ನು ತಯಾರಿಸಲು ನೀಲಗಿರಿಯಲ್ಲಿ ಕೂನೂರಿನ ಬಳಿಯ ಅರುವಂಕಾಡಿನಲ್ಲಿ ಕಾರ್ಖಾನೆಯನ್ನೂ ಹಾಕಿದರು. ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಈ ಮದ್ದು ಕರಿಮದ್ದಿನಂತೆ ಖನಿಜಗಳ ಬೆರಕೆಯಲ್ಲ. ಅದು ತಾನಾಗಿಯೇ ಮೆಲ್ಲಮೆಲ್ಲನೆ ಒಡೆಯುತ್ತ ಆಮ್ಲದ ಹಬೆಯನ್ನು ಬಿಡುತ್ತಿರುತ್ತದೆ. ಆ ಹಬೆಯನ್ನು ಹೀರಲೆಂದು ತಯಾರಿಸುವಾಗಲೇ ಬೇರೊಂದು ದ್ರವ್ಯವನ್ನು ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಆ ರಕ್ಷಕದ್ರವ್ಯ ಮುಗಿಯುತ್ತದೆ. ಶಾಖವಿದ್ದ ಕಡೆ ಇನ್ನೂ ಬೇಗನೆ ಮುಗಿಯುತ್ತದೆ. ಒಲೆಯ ಮೇಲಿನ ಅಟ್ಟ ಎಷ್ಟು ಕೆಟ್ಟ ಜಾಗವೆಂಬುದು ಇದರಿಂದ ವಿಶದವಾಗುತ್ತದೆ. ಆಮೇಲೆ ಉಳಿಯುವುದು ಕೊಳೆಯುವ ಮದ್ದು. ಅದರ ರಾಶಿಯಿದ್ದರೆ ಒಳಗೊಳಗೇ ಕಾವೇರಿ, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ೧೯೦೭ರಲ್ಲಿ 'ಯೆನಾ', ೧೯೧೧ರಲ್ಲಿ 'ಲಿಬರ್ತೆ' ಎಂಬೆರಡು ಯುದ್ಧನೌಕೆಗಳು ಸಿಡಿದು ನೂರಾರು ಮಂದಿ ಸತ್ತರು. ಎರಡಕ್ಕೂ ಕಾರಣವೆಂದು ಹೇಳಲಾದುದು ಕೆಟ್ಟುಹೋದ ಈ ಹೊಗೆಯಿಲ್ಲದ ಮದ್ದು.

ಹೋಟೆಲು ನಡೆಸಿದವರಿಗೆ ನಿನ್ನೆಯ ಹಿಟ್ಟು ಹುಳಿ ಮೀರಿದೆಯೇ ಎಂಬುದನ್ನು ಮೂಗೇ ಹೇಳುತ್ತದೆ. ಮದ್ದಿನಲ್ಲಿಯೂ ಸ್ವಲ್ಪ ಮಟ್ಟಿಗೆ ಹೀಗೆಯೇ. ಒಳ್ಳೆಯದಕ್ಕೆ ಸ್ಪಿರಿಟ್ಟಿನಂಥ ವಾಸನೆ. ಕೆಟ್ಟುದಕ್ಕೆ ಮೂಗು ಸುಡುವ ಹುಳಿ ವಾಸನೆ, ಡಬ್ಬಿ ತೆರೆದಾಗ ಕೆಂಗಂದು ಹಬೆ, ಒಳಗೋಡೆಗೆ ತುಕ್ಕಿನಂಥ ಪುಡಿ. ಆದರೆ ಹಿಟ್ಟಿನ ಪರೀಕ್ಷೆ ತಪ್ಪಿದರೆ ಗಿರಾಕಿಯ ಬೈಗುಳದಲ್ಲಿ ಮುಗಿಯುತ್ತದೆ. ಇಲ್ಲಿ ವಾಸನೆಯಿಲ್ಲವೆಂಬ ಮಾತ್ರಕ್ಕೆ ಮದ್ದು ಸರಿಯಿದೆಯೆಂದು ಹೇಳುವಂತಿಲ್ಲ. ಬಣ್ಣ, ಹರಳಿನ ಗಾತ್ರ ನೋಡಿ ಇದು ಇಂಥದೇ ಮದ್ದೆಂದು ನಿರ್ಧರಿಸಲು ಪಳಗಿದವರಿಗೂ ಸಾಧ್ಯವಿಲ್ಲ.

ಇದರಿಂದ ಹುಟ್ಟುವ ಅಪಾಯಗಳಲ್ಲಿ ಅತ್ಯಂತ ಘೋರವಾದುದೊಂದಿದೆ. ಕೇಪಿನ ಕೋವಿಗೆ ಮದ್ದು ಸಾಲದೆ ಬಂದಾಗ, ಹಳೆಯ ತೋಟೆಯನ್ನು ಬಿಚ್ಚಿ ಅದರ ಮದ್ದನ್ನೇ ನಳಿಗೆಗೆ ಸುರಿಯೋಣವೆಂಬ ಯೋಚನೆ ಯಾರಿಗಾದರೂ ಬರಬಹುದು. ಕರಿಮದ್ದಿನ ಒತ್ತಡಕ್ಕೆಂದು ಬಡಿದು ಬೆಸೆದ ಹಳೆಯ ನಳಿಗೆ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಡೆಯಲಾರದು. ಅದು ಸೀಳಿದರೆ ಎಡಗೈಯೂ ಕಣ್ಣೂ ಹೋಗುತ್ತವೆ. ಜೀವ ಉಳಿದರೆ ಅದೇ ದೊಡ್ಡದು.

ಖಾಲಿ ಕೋಶಗಳಾದರೂ ಉಪಯೋಗಕ್ಕೆ ಬರುವುವೋ ಎಂದರೆ ಅಲ್ಲಿಯೂ ಒಂದು ಕಥೆಯಿದೆ, ಅದೂ ನಮ್ಮ ದೇಶದ್ದೇ. ಬ್ರಿಟಿಷರ ಕಾಲದಲ್ಲಿ ಸೇನೆಯ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ, ಯಾರೂ ಮುಟ್ಟದ ಹಿತ್ತಾಳೆಯ ಕೋಶಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ರೋಗವೆಂದು ಅದಕ್ಕೆ ಹೆಸರೂ ಬಿತ್ತು. ೧೯೨೧ರಲ್ಲಿ ಮೂರ್ ಮತ್ತು ಬೆಕಿನ್ಸೇಲ್ ಎಂಬ ವಿಜ್ಞಾನಿಗಳು ಇದರ ಗುಟ್ಟನ್ನು ಬಿಡಿಸಿದರು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ, ಮಳೆಗಾಲದ ತೇವದೊಡನೆ ಸೇರಿ, ತಯಾರಿಕೆಯ ಕಾಲದ ಬಿಗುವು ಉಳಿದಿದ್ದ ಹಿತ್ತಾಳೆಯನ್ನು ಸೀಳುತ್ತಿತ್ತು. ನಮ್ಮಲ್ಲಿ ಅನೇಕ ಮನೆಗಳ ಅಟ್ಟಕ್ಕೂ ದನದ ಕೊಟ್ಟಿಗೆಗೂ ನಡುವೆ ಒಂದು ಹಲಗೆಯಷ್ಟೇ ಅಂತರ. ಗೋಮೂತ್ರದ ಹಬೆಯಲ್ಲಿರುವುದೂ ಅದೇ ಅಮೋನಿಯಾ. ಕಣ್ಣಿಗೆ ಕಾಣದ ಬಿರುಕುಳ್ಳ ಕೋಶವನ್ನು ಮತ್ತೆ ತುಂಬಿ ಹೊಡೆದರೆ ಉರಿಯುವ ಅನಿಲ ಹಿಂದಕ್ಕೆ, ಹೊಡೆಯುವವನ ಮುಖಕ್ಕೆ ನುಗ್ಗುತ್ತದೆ. ಹಳೆಯ ಕೇಪುಗಳ ಪಾದರಸವೂ ಹಿತ್ತಾಳೆಯನ್ನು ಬೆಂಡು ಮಾಡುತ್ತದೆ. ಕಾಗದದ ಕೋಶ ತೇವದಿಂದ ಉಬ್ಬಿದ್ದರೆ ನಳಿಗೆಯಲ್ಲಿ ಕೂರುವುದೇ ಇಲ್ಲ. ಬಲಾತ್ಕಾರದಿಂದ ಕೂರಿಸಲು ಹೋಗುವುದು ಮೂರ್ಖತನ.

ಹಳೆಯ ಮದ್ದುಗುಂಡು ಕೈಬಲ್ಲವರಿಗೂ ಎಷ್ಟು ಕಠಿಣವೆಂಬುದಕ್ಕೆ ಮಹಾರಾಷ್ಟ್ರದಲ್ಲಿಯೇ ನಿದರ್ಶನಗಳಿವೆ. ವರ್ಧಾ ಜಿಲ್ಲೆಯ ಪುಲಗಾಂವಿನ ಸೇನಾ ಉಗ್ರಾಣದಲ್ಲಿ ೨೦೧೬ರ ಮೇ ೩೧ರ ಬೆಳಗಿನ ಜಾವ ಬೆಂಕಿ ಬಿದ್ದು ಅಧಿಕಾರಿಗಳೂ ಅಗ್ನಿಶಾಮಕ ಸಿಬ್ಬಂದಿಯೂ ಸೇರಿ ಅನೇಕರು ಪ್ರಾಣ ಕಳೆದುಕೊಂಡರು. ೨೦೧೮ರ ನವೆಂಬರದಲ್ಲಿ ಅದೇ ಪುಲಗಾಂವಿನ ಬಳಿ, ಅವಧಿ ಮುಗಿದ ಮದ್ದುಗುಂಡನ್ನು ನಾಶಮಾಡುವ ಮೈದಾನದಲ್ಲಿ, ಸ್ಫೋಟವಾಗಿ ಆರು ಮಂದಿ ಮಡಿದರು. ಅವರಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ ಕೂಲಿಗಳಿದ್ದರು.

ಕಾಯಿದೆಯ ಮಾತು

ಈಗ ಕಾಯಿದೆ. ೧೯೫೯ರ ಆಯುಧ ಕಾಯಿದೆ ೧೯೬೨ರ ಅಕ್ಟೋಬರ ೧ರಿಂದ ಜಾರಿಯಲ್ಲಿದೆ. ಅದರ ೩ನೆಯ ಕಲಮಿನಂತೆ ಕೋವಿಗೆ ಲೈಸೆನ್ಸು ಹೇಗೆ ಬೇಕೋ ತೋಟೆಗೂ ಹಾಗೆಯೇ ಬೇಕು. ೫ನೆಯ ಕಲಮಿನಂತೆ ಮದ್ದುಗುಂಡನ್ನು ತಯಾರಿಸುವುದಕ್ಕೆ ಪ್ರತ್ಯೇಕ ಲೈಸೆನ್ಸು ಬೇಕು. ಕೋವಿಯ ಲೈಸೆನ್ಸಿದ್ದವನು ಅಂಗಡಿಯಿಂದ ತೋಟೆ ಕೊಳ್ಳಬಹುದು. ಅಡಿಗೆಮನೆಯಲ್ಲಿ ಕುಳಿತು ತಯಾರಿಸುವ ಅಧಿಕಾರ ಅದರಿಂದ ಬರುವುದಿಲ್ಲ. ೨೦೧೯ರ ತಿದ್ದುಪಡಿಯ ಮೇಲೆ ಅಕ್ರಮ ತಯಾರಿಕೆಗೆ ಏಳು ವರ್ಷಕ್ಕೆ ಕಡಮೆಯಿಲ್ಲದಂತೆ ಜೀವಾವಧಿಯವರೆಗೆ ಶಿಕ್ಷೆಯುಂಟು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡದ್ದಕ್ಕೆ ಎರಡರಿಂದ ಐದು ವರ್ಷ.

ಬಹುಮಂದಿಗೆ ತಿಳಿಯದ ಸೂಕ್ಷ್ಮವೊಂದು ಈ ಕಾಯಿದೆಯ ೨ನೆಯ ಕಲಮಿನಲ್ಲಿದೆ. 'ಮದ್ದುಗುಂಡು' ಎಂಬ ಶಬ್ದದ ಅರ್ಥದಲ್ಲಿ ತೋಟೆಯ ಬಿಡಿಭಾಗಗಳೂ, ತಯಾರಿಸುವ ಯಂತ್ರಸಾಮಗ್ರಿಯೂ ಸೇರುತ್ತವೆ. ಎಂದಮೇಲೆ ಅಜ್ಜನ ಕೈಯಂತ್ರವನ್ನು ಬರಿಯ ಹಳೆಯ ಕಬ್ಬಿಣವೆಂದು ತಿಳಿದು ಪುಣೆಯ ಬಾಡಿಗೆಯ ಕೋಣೆಯಲ್ಲಿ ಅಲಂಕಾರಕ್ಕಿಡುವುದೂ ಕ್ಷೇಮವಲ್ಲ. ಸೈನ್ಯದಿಂದ ನಿವೃತ್ತರಾದವರ ಮನೆಗಳಲ್ಲಿ .೩೦೩ ರೈಫಲಿನ ಗುಂಡುಗಳು ನೆನಪಿಗೆಂದು ಉಳಿದಿರುವುದುಂಟು. ಅವು ಸಾಮಾನ್ಯ ಲೈಸೆನ್ಸಿನ ಮಿತಿಗೇ ಬಾರದ ನಿಷಿದ್ಧ ವರ್ಗದವು. ಅವುಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಕೊಡಗಿನವರು ಇಲ್ಲಿ ತಲೆಯೆತ್ತಿ, ನಮಗೆ ಲೈಸೆನ್ಸೇ ಬೇಡವಲ್ಲ ಎಂದಾರು. ಮಾತು ನಿಜ. ೧೮೬೧ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ನಿರಾಯುಧೀಕರಣದ ಕಾಯಿದೆಯಿಂದ ಕೊಡವರಿಗೆ ವಿನಾಯಿತಿ ದೊರೆಯಿತು. ಅದು ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಇಂದಿನವರೆಗೆ ಮುಂದುವರಿದು ಬಂದಿದೆ. ೨೦೧೯ರ ಅಕ್ಟೋಬರದಲ್ಲಿ ಕೇಂದ್ರದ ಗೃಹ ಮಂತ್ರಾಲಯ ಅದನ್ನು ೨೦೨೯ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು ೨೦೨೧ರ ಸಪ್ಟೆಂಬರದಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು ಕೋವಿಗೆ 'ತೋಕ್ ಪೂ' ಮುಡಿಸಿ ಪೂಜಿಸುವ, ಪುತ್ತರಿಯಂದು ಕದಿರು ಕೊಯ್ಯುವಾಗ ಈಡು ಹಾರಿಸುವ, ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಈಡಿನಿಂದ ಊರಿಗೆ ಸುದ್ದಿ ತಿಳಿಸುವ ನಾಡಿಗೆ ಈ ಗೌರವ ಸಲ್ಲತಕ್ಕದ್ದೇ. ಆದರೆ ವಿನಾಯಿತಿಯಿರುವುದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೆಟ್ಟ ಮದ್ದಿಗೆ ಜನಾಂಗದ ಗುರುತು ಹತ್ತುವುದಿಲ್ಲ. ವಿನಾಯಿತಿಯ ಪತ್ರವನ್ನು ಮಡಿಕೇರಿಯ ಜಿಲ್ಲಾಧಿಕಾರಿಗಳ ಕಛೇರಿಯಿಂದ ತನ್ನ ಹೆಸರಿನಲ್ಲಿ ಪಡೆದಿರಬೇಕು. ಕೋವಿಯನ್ನು ಪುಣೆಗೆ ತರುವ ಯೋಚನೆಯಿದ್ದರೆ ಅದೇ ಕಛೇರಿಯನ್ನು ಮೊದಲು ಬರಹದಲ್ಲಿ ಕೇಳಿ ಬರಹದ ಉತ್ತರವನ್ನು ಕೈಯಲ್ಲಿಟ್ಟುಕೊಳ್ಳುವುದು ವಿವೇಕ.

ಮಿಕ್ಕವರು ಮಾಡಬೇಕಾದುದೇನು? ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿ ಮನೆಯಲ್ಲಿ ಉಳಿಯುವುದು ಅಕ್ರಮವಾಗುತ್ತದೆ. ಕಾಯಿದೆಯ ೨೧ನೆಯ ಕಲಮಿನಲ್ಲಿ ಇದಕ್ಕೆ ಪರಿಹಾರವಿದೆ. ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೋಲೀಸು ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ಕೋವಿ ವ್ಯಾಪಾರಿಯ ಬಳಿಯಲ್ಲಾಗಲಿ ಅದನ್ನು ಠೇವಣಿ ಇಡಬಹುದು. ಠೇವಣಿ ಇಟ್ಟ ಮಾತ್ರಕ್ಕೆ ಕೋವಿ ಸರಕಾರದ ಪಾಲಾಗುವುದಿಲ್ಲ. ಈ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಅದನ್ನು ಕಣಜದ ಹಿಂದೆ ಬಚ್ಚಿಡುತ್ತಾರೆ. ವಾರಸುದಾರನು ೨೦೧೬ರ ಆಯುಧ ನಿಯಮಗಳ ೨೫ನೆಯ ನಿಯಮದಂತೆ ತನ್ನ ಹೆಸರಿಗೆ ಲೈಸೆನ್ಸು ಕೇಳಬಹುದು. ವಯಸ್ಸು ಇಪ್ಪತ್ತೊಂದು ತುಂಬಿರಬೇಕು. ಕರ್ನಾಟಕದ ಹಳ್ಳಿಗಳಿಗೆ ಅರ್ಜಿ ಸಲ್ಲುವುದು ಜಿಲ್ಲಾಧಿಕಾರಿಗಳಿಗೆ. ಹಿರಿಯರು ಬದುಕಿರುವಾಗಲೇ, ಅವರಿಗೆ ಎಪ್ಪತ್ತು ವರ್ಷ ತುಂಬಿದ್ದರೆ ಅಥವಾ ಕೋವಿ ಇಪ್ಪತ್ತೈದು ವರ್ಷ ಅವರ ಬಳಿಯಿದ್ದರೆ, ತಾವೇ ವಾರಸುದಾರನನ್ನು ಸೂಚಿಸಿ ವರ್ಗಾಯಿಸಬಹುದು. ಇದು ಎಲ್ಲಕ್ಕಿಂತ ಸುಲಭದ ಹಾದಿ. ಮುಂದಿನ ರಜೆಗೆ ಊರಿಗೆ ಹೋದಾಗ ತಂದೆಯವರೊಡನೆ ಈ ಮಾತನ್ನು ಎತ್ತಲು ಸಂಕೋಚಪಡಬಾರದು. ಹಾಗೆಯೇ ಅವರ ಲೈಸೆನ್ಸಿನ ಪುಸ್ತಕದಲ್ಲಿ ಸರಕಾರದ ಹೊಸ ಪದ್ಧತಿಯ ವಿಶಿಷ್ಟ ಗುರುತಿನ ಸಂಖ್ಯೆಯಿದೆಯೇ ಎಂದು ನೋಡಬೇಕು. ಅದಿಲ್ಲದ ಹಳೆಯ ಲೈಸೆನ್ಸಿಗೆ ಈಗ ಬೆಲೆಯಿಲ್ಲ. ಮನೆಯಲ್ಲಿ ಮೂರು ಕೋವಿಗಳಿದ್ದರೆ ಒಬ್ಬರ ಹೆಸರಿನಲ್ಲಿ ಮೂರೂ ಉಳಿಯಲಾರವು; ೨೦೧೯ರಿಂದ ಒಬ್ಬರಿಗೆ ಎರಡೇ. ತೀರ ತುಕ್ಕು ಹಿಡಿದು, ದುರಸ್ತಿ ಮಾಡಿದರೂ ಹೊಡೆಯಲು ಬಾರದ ಪುರಾತನ ಕೋವಿಗೆ ೪೫ನೆಯ ಕಲಮು ರಿಯಾಯಿತಿ ಕೊಡುತ್ತದೆ. ಆದರೆ ಅದು ಹೊಡೆಯುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕವರು ನಾವಲ್ಲ.

ಇನ್ನು ಆ ಪೆಟ್ಟಿಗೆ. ಅದನ್ನು ಹೊತ್ತುಕೊಂಡು ಠಾಣೆಗೆ ಹೋಗಬಾರದು. ಮೊದಲು ಮರಣಪತ್ರ ಮತ್ತು ಲೈಸೆನ್ಸಿನ ನಕಲುಗಳೊಡನೆ ಒಂದು ಅರ್ಜಿ ಬರೆದು, ಹಿರಿಯರ ಕಾಲದ ತೋಟೆ, ಮದ್ದು, ಕೇಪು, ಯಂತ್ರ ಇಂತಿಂಥವು ಮನೆಯಲ್ಲಿ ಸಿಕ್ಕಿವೆ, ವಶಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳಬೇಕು. ಅರ್ಜಿಗೆ ಮೊಹರು ಹಾಕಿದ ಪ್ರತಿ, ಸಾಮಾನಿಗೆ ರಸೀದಿ, ಎರಡನ್ನೂ ಪಡೆಯಬೇಕು. ಪೋಲೀಸರ ಮುಖ ಕಂಡರೆ ಎದೆ ಡವಗುಟ್ಟುವವರು ಊರಿನ ವಕೀಲರೊಬ್ಬರನ್ನು ಜೊತೆಗೆ ಕರೆದೊಯ್ಯಲಿ. ಅವರು ಬರುವವರೆಗೆ ಡಬ್ಬಿಯನ್ನು ಅಲುಗಾಡಿಸದೆ, ಮುಚ್ಚಳ ತೆರೆಯದೆ, ಮಕ್ಕಳನ್ನೂ ಒಲೆಯ ಬೆಂಕಿಯನ್ನೂ ದೂರವಿಡಬೇಕು. ಬಾವಿಗೆ ಎಸೆಯುವುದು, ಹೂಳುವುದು, ಸುಡುವುದು ಯಾವುದೂ ಕೂಡದು. ನಗರದ ಬಾವಿಯ ಕಥೆಯನ್ನು ಆಗಲೇ ಹೇಳಿದೆವು.

ಅಟ್ಟದ ಕೋವಿಯನ್ನು ಮುಟ್ಟುವ ಮುನ್ನ ಮತ್ತೊಂದು ಮಾತು. ಕೇಪಿನ ಕೋವಿಯಲ್ಲಿ ಈಡು ಹಾಗೆಯೇ ಉಳಿದಿರುವ ಸಂಭವ ಬಹಳ; ಹಂದಿ ಬಾರದ ರಾತ್ರಿ ತುಂಬಿಟ್ಟುದನ್ನು ಬೆಳಿಗ್ಗೆ ತೆಗೆಯುವುದು ತೊಡಕಿನ ಕೆಲಸವಾದುದರಿಂದ ಎಷ್ಟೋ ಮಂದಿ ಹಾಗೆಯೇ ಗೋಡೆಗೆ ತೂಗುಹಾಕುತ್ತಿದ್ದರು. ತಿಳಿದವರು ಇದನ್ನು ಪತ್ತೆಮಾಡುವ ರೀತಿ ಸರಳ. ನಳಿಗೆಯ ಬಾಯಿಯನ್ನು ಯಾರಿಗೂ ತಿರುಗಿಸದೆ, ಮುಖವನ್ನು ಪಕ್ಕಕ್ಕಿಟ್ಟು, ಗಜವನ್ನು ಮೆಲ್ಲನೆ ಒಳಗಿಳಿಬಿಟ್ಟು ಬಾಯಿಯ ಮಟ್ಟದಲ್ಲಿ ಗುರುತು ಮಾಡುತ್ತಾರೆ. ಅದನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದಾಗ ಗಜದ ತುದಿ ಕೇಪಿನ ತೊಟ್ಟಿನ ತನಕ ಬಾರದೆ ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಈಡಿದೆ ಎಂದರ್ಥ. ಅಂಥ ಕೋವಿಯ ಕುದುರೆ, ಕೇಪು ಯಾವುದನ್ನೂ ಮುಟ್ಟದೆ, ಠಾಣೆಗೆ ಬರೆಯುವ ಅರ್ಜಿಯಲ್ಲಿ 'ತುಂಬಿದ ಕೋವಿ' ಎಂದು ಕಾಣಿಸಿ, ಬಿಚ್ಚುವ ಕೆಲಸವನ್ನು ಲೈಸೆನ್ಸುಳ್ಳ ಕೋವಿ ರಿಪೇರಿಯವರಿಗೆ ಬಿಡಬೇಕು.

ಪುಣೆಗೆ ಹೊರಡುವಾಗ ನೆನಪಿಗೆಂದು ಒಂದು ತೋಟೆಯನ್ನೂ ಜೇಬಿಗೆ ಹಾಕಿಕೊಳ್ಳಬಾರದು. ರೈಲಿನಲ್ಲಿ ಸಿಡಿಮದ್ದು ಒಯ್ಯುವುದು ಅಪರಾಧ. ಲೋಹಗಾಂವ್ ವಿಮಾನ ನಿಲ್ದಾಣದ ತಪಾಸಣೆಯ ಯಂತ್ರ ಹಳೆಯ ಚೀಲದ ಮೂಲೆಯಲ್ಲಿ ಮರೆತ ಒಂದೇ ಗುಂಡನ್ನೂ ಬಿಡುವುದಿಲ್ಲ. ಅರಿವಿಲ್ಲದೆ ಬಳಿಯಲ್ಲಿದ್ದುದು ಅಪರಾಧದ ಸ್ವಾಧೀನವಲ್ಲವೆಂಬ ತತ್ವವನ್ನು ಸುಪ್ರೀಂ ಕೋರ್ಟು ೧೯೭೨ರ ಗುಣವಂತಲಾಲ್ ಮೊಕದ್ದಮೆಯಲ್ಲಿ ವಿವರಿಸಿದೆ, ನಿಜ. ಆದರೆ ಆ ತತ್ವದ ಲಾಭ ಕೈಗೆ ಬರುವ ಹೊತ್ತಿಗೆ ವಿಮಾನವೂ ಹೋಗಿರುತ್ತದೆ, ನೌಕರಿಯೂ ಹೋಗಿರಬಹುದು.

ಹಂದಿಯ ಕಾಟಕ್ಕೆ ಬೆಳೆರಕ್ಷಣೆಯ ಲೈಸೆನ್ಸು ದೊರೆತ ಮೇಲೆ ಹೊಸ ತೋಟೆಗಳನ್ನು ವ್ಯಾಪಾರಿಯಿಂದ ಕೊಂಡು, ಲೈಸೆನ್ಸಿನಲ್ಲಿ ಕಾಣಿಸಿದ ಸಂಖ್ಯೆ ಮೀರದಂತೆ ಇಟ್ಟುಕೊಳ್ಳಬೇಕು. ಹೆದರಿಸಲು ಹಾರಿಸುವುದು ಬೇರೆ, ಕೊಲ್ಲುವುದು ಬೇರೆ. ೧೯೭೨ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅಜ್ಜನ ಕಾಲದ ಷಿಕಾರಿಯ ಸ್ವಾತಂತ್ರ್ಯ ಮುಗಿದಿದೆ. ಕೇಪಿನ ಕೋವಿಯುಳ್ಳವರು ಕರಿಮದ್ದನ್ನೂ ಕೇಪನ್ನೂ ತಮ್ಮ ಲೈಸೆನ್ಸಿನ ಮೇಲೆ ಹೊಸದಾಗಿಯೇ ಕೊಳ್ಳಬೇಕು. ಅಳತೆಗೆ ಹಳೆಯ ಮದ್ದಿನ ಕೊಂಬಿನ ಮುಚ್ಚಳವನ್ನು ನಂಬದೆ, ಆ ಕೋವಿಯನ್ನು ಪರೀಕ್ಷಿಸಿದ ರಿಪೇರಿಯವರ ಮಾತನ್ನು ಕೇಳಬೇಕು.

ಇಷ್ಟಾದರೂ ಕೋವಿಯ ವಿದ್ಯೆಯನ್ನೇ ಕಲಿಯಬೇಕೆಂಬ ಹಂಬಲವುಳ್ಳ ತರುಣರಿಗೆ ಪುಣೆಯಲ್ಲಿ ಸ್ಥಳವಿಲ್ಲದೆ ಇಲ್ಲ. ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲದಲ್ಲಿ ಗುರಿ ಹೊಡೆಯುವ ಅಂಗಣವಿದೆ. ೨೦೦೮ರಲ್ಲಿ ಕಾಮನ್‌ವೆಲ್ತ್ ಯುವಜನರ ಕ್ರೀಡೆಗಳು ನಡೆದುದು ಆ ಸಂಕುಲದಲ್ಲಿಯೇ. ಹತ್ತು ಮೀಟರಿನ ಗಾಳಿಕೋವಿಯಿಂದ ಆರಂಭಿಸುವುದು ಅಲ್ಲಿನ ಕ್ರಮ. ಅದಕ್ಕೆ ಮದ್ದು ಬೇಡ.